ಮಂಜುಳ ಕಂಡಿದ್ದ ಜಪಾನು

ನರಿತಾ

ನರಿತಾ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದ ಅಧಿಕಾರಿಗೆ ಇಪ್ಪತ್ತೈದು ವರ್ಷವೂ ಆಗಿರಲಾರದು. ಸೀರೆಗಳ ಕೆಳಗೆ ಕೆಂಪು, ಹಳದಿ, ಹಸಿರು ಅರಗಿನ ಕಡ್ಡಿಗಳ ಕಟ್ಟು ಸಿಕ್ಕಿತು. ಒಂದನ್ನು ಮೂಸಿದ. ಇನ್ನೊಂದನ್ನು ದೀಪಕ್ಕೆ ಹಿಡಿದು ನೋಡಿದ. ತಿನ್ನುವ ಪದಾರ್ಥವೇ ಎಂದು ಬಾಯಿಯ ಹತ್ತಿರ ಕೈ ಒಯ್ದು ಕೇಳಿದ. ಗಾಬರಿಯಲ್ಲಿ ನನ್ನ ಇಂಗ್ಲಿಷು ಕೈಕೊಟ್ಟಿತು. ಕೊನೆಗೆ ಚೀಲದ ತಳದಿಂದ ಒಂದು ಬುಗುರಿ ತೆಗೆದು ಅವನ ಸ್ಟೀಲ್ ಮೇಜಿನ ಮೇಲೆ ತಿರುಗಿಸಿ, ಅದರ ಬಣ್ಣವನ್ನೂ ಕಡ್ಡಿಯನ್ನೂ ಒಟ್ಟಿಗೆ ತೋರಿಸಿದೆ. ಬುಗುರಿ ನಿಲ್ಲುವವರೆಗೂ ಅವನು ನೋಡುತ್ತಲೇ ಇದ್ದ. ಆಮೇಲೆ ನನ್ನ ಸೀರೆಗಳನ್ನು ನಾನು ಮಡಿಸಿದ್ದಕ್ಕಿಂತ ಚೆನ್ನಾಗಿ ಮಡಿಸಿ ಒಳಗಿಟ್ಟು, ನಡು ಬಗ್ಗಿಸಿ ವಂದಿಸಿದ. ನಾನೂ ಬಗ್ಗಿದೆ. ಅವನು ಮತ್ತೆ ಬಗ್ಗಿದ. ಯಾರು ಮೊದಲು ನಿಲ್ಲಿಸಬೇಕೆಂದು ತಿಳಿಯದೆ ನಾಲ್ಕು ಸಲ ಬಗ್ಗಿದ ಮೇಲೆ ಹಿಂದಿದ್ದವರು ಕೆಮ್ಮಿದರು.

"ನೋಡ್ದೇನೆ ಮಂಜಿ" ಎನ್ನಲು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಸಾಮಾನಿನ ಗಾಡಿ ಮಾತ್ರ ಇತ್ತು.

ನಾನು ಚನ್ನಪಟ್ಟಣದಲ್ಲಿ ಇಪ್ಪತ್ತು ವರ್ಷದಿಂದ ಲೇತ್ ಮುಂದೆ ಕೂತು ಮರದ ಗೊಂಬೆ ಕಡೆಯುವವಳು. ಜಪಾನಿನ ಉತ್ತರದ ಕಡೆಯ ಒಂದು ಸಣ್ಣ ಊರಿನಲ್ಲಿ ಗೊಂಬೆ ಮಾಡುವವರು ನಮ್ಮ ಕೆಲಸ ನೋಡಲೆಂದು ಮೂವರನ್ನು ಹತ್ತು ದಿನಗಳ ಮಟ್ಟಿಗೆ ಕರೆಸಿಕೊಂಡಿದ್ದರು. ಜತೆಗೆ ಬಂದ ಇಬ್ಬರು ಗಂಡಸರಿಗೆ ಇದು ದೊಡ್ಡ ಸಂಭ್ರಮ. ಆದರೆ ನಮ್ಮ ಮನೆಯಲ್ಲಿ ಜಪಾನಿನ ಆಸೆ ಇಟ್ಟುಕೊಂಡಿದ್ದವಳು ನಾನಲ್ಲ, ತಂಗಿ ಮಂಜುಳ. ನಾನು ವಿಮಾನ ಹತ್ತುವ ಹೊತ್ತಿಗೆ ಅವಳು ತೀರಿಕೊಂಡು ಎಂಟು ತಿಂಗಳಾಗಿತ್ತು.

ಅದಕ್ಕೂ ಮೊದಲು, ರಾಮನಗರ

ಮಂಜುಳಳನ್ನು ರಾಮನಗರದ ಹತ್ತಿರದ ಕೈಲಾಂಚಕ್ಕೆ ಕೊಟ್ಟಿತ್ತು. ಹಿಪ್ಪುನೇರಳೆ ತೋಟ, ಎರಡು ಹಸು, ರೇಷ್ಮೆ ಹುಳು ಸಾಕುವ ಮನೆ. ಅವಳ ಗಂಡ ಪುಟ್ಟಸ್ವಾಮಿ ಮಾತು ಕಡಿಮೆ, ಕೆಲಸ ಹೆಚ್ಚು ಎನ್ನುವ ಮನುಷ್ಯ. ಮೂವತ್ತಾರನೇ ವಯಸ್ಸಿಗೆ ಅವಳ ಎರಡೂ ಕಿಡ್ನಿ ನಿಂತವು. ವಾರಕ್ಕೆ ಮೂರು ದಿನ ರಾಮನಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಪುಟ್ಟಸ್ವಾಮಿಗೆ ಹುಳು ಬಿಟ್ಟು ಬರಲಾಗದ ದಿನಗಳಲ್ಲಿ ನಾನು ಚನ್ನಪಟ್ಟಣದಿಂದ ಬೆಳಗಿನ ಬಸ್ಸಿಗೆ ಹೋಗಿ ಅವಳ ಹಾಸಿಗೆಯ ಪಕ್ಕ ಕೂರುತ್ತಿದ್ದೆ.

ಪಕ್ಕದ ಹಾಸಿಗೆಯಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು ಫೋನಿನಲ್ಲಿ ಏನೋ ಚಿತ್ರದ ಕತೆ ನೋಡುತ್ತಿದ್ದಳು. ಮಂಜುಳ ಕತ್ತು ಚಾಚಿ ಚಾಚಿ ನೋಡಿ, ಕೊನೆಗೆ ಅದೇನೆಂದು ಕೇಳಿಯೇ ಬಿಟ್ಟಳು. ಅನಿಮೆ ಎಂದಳು ಆ ಹುಡುಗಿ. ಅವತ್ತೇ ನನ್ನ ಫೋನಿಗೂ ಹಾಕಿಕೊಟ್ಟಳು. ಮಾತೆಲ್ಲ ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಪಿಯುಸಿ ಓದಿದ ನಾನು ಅದನ್ನು ಓದಿ ನಮ್ಮ ಮಾತಿನಲ್ಲಿ ಅವಳಿಗೆ ಹೇಳಬೇಕು. ಅಕ್ಷರಗಳು ನನಗಿಂತ ಬೇಗ ಓಡುತ್ತಿದ್ದವು. ಸಿಕ್ಕಿದಷ್ಟನ್ನು ಹಿಡಿದು, ಉಳಿದದ್ದನ್ನು ನಾನೇ ಸೇರಿಸುತ್ತಿದ್ದೆ. ಹೆಸರುಗಳು ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ಕೆಂಪು ಕೂದಲಿನವಳು ಕೆಂಪಮ್ಮ ಆದಳು, ಗುಂಗುರು ಕೂದಲಿನವನು ಗುಂಗ್ರ ಆದ. ಹೀಗೆ ಜಪಾನಿನ ಮಕ್ಕಳೆಲ್ಲ ಮಂಜುಳಳ ಕಿವಿಯಲ್ಲಿ "ಏನ್ಲಾ", "ಬಾರ್ಲಾ" ಎಂದೇ ಮಾತಾಡಿದರು.

ಮೊದಲು ನೋಡಿದ್ದು ಬೆಟ್ಟದ ಹಳ್ಳಿಯಲ್ಲಿ ಅಜ್ಜಿಯ ಹಳೆಯ ಬಸ್ಸು ಓಡಿಸುವ ಹುಡುಗಿಯ ಕತೆ. ಹನ್ನೆರಡು ಕಂತು. ದಿನಕ್ಕೆ ಮೂರೇ ಪ್ರಯಾಣಿಕರು. ಒಂದು ಕಂತಿನಲ್ಲಿ ಮುದುಕನೊಬ್ಬ ಹತ್ತುತ್ತಾನೆ, ಇಳಿಯುತ್ತಾನೆ, ಅಷ್ಟೇ. ನಡುವೆ ಅರ್ಧ ನಿಮಿಷ ಒಲೆಯ ಮೇಲೆ ನೀರು ಕಾಯುವುದನ್ನು ತೋರಿಸಿದರು. ನಮ್ಮ ಟೀವಿ ಧಾರಾವಾಹಿಯಾಗಿದ್ದರೆ ಇಷ್ಟು ಹೊತ್ತಿಗೆ ಮೂರು ಸಲ ಸಿಡಿಲು ಹೊಡೆದಿರುತ್ತಿತ್ತು ಎಂದು ನಾನು ನಕ್ಕೆ. ಮಂಜುಳ ನಗಲಿಲ್ಲ. ಅವಳ ಕಣ್ಣು ಆ ನೀರಿನ ಮೇಲಿತ್ತು.

ಡಯಾಲಿಸಿಸ್‌ನವರು ಬಾಯಾರಿದಾಗೆಲ್ಲ ನೀರು ಕುಡಿಯುವಂತಿಲ್ಲ. ಇಡೀ ದಿನಕ್ಕೆ ಇಷ್ಟು ಎಂದು ಅಳತೆ, ಅದರಲ್ಲೇ ಸಾರು, ಮಜ್ಜಿಗೆ, ಕಾಫಿ ಎಲ್ಲ. ಅನಿಮೆಯಲ್ಲಿ ಜನ ಸದಾ ಏನಾದರೂ ಕುಡಿಯುತ್ತಲೇ ಇರುತ್ತಾರೆ. ಬಟ್ಟಲು ಎತ್ತಿ ಸೊರ್ರೆಂದು ಸಾರು ಹೀರುತ್ತಾರೆ, ತೊರೆಗೆ ಕೈಯೊಡ್ಡಿ ನೀರು ಕುಡಿಯುತ್ತಾರೆ. ನನಗೆ ಸಂಕಟವಾಗಿ ಆ ಭಾಗವನ್ನು ಮುಂದಕ್ಕೆ ಓಡಿಸಿಬಿಡಲು ಹೋದರೆ ಅವಳು ಬಿಡುತ್ತಿರಲಿಲ್ಲ. "ಇರ್ಲಿ ಕಣಕ್ಕ, ಅವ್ರಾದ್ರೂ ಕುಡೀಲಿ" ಎನ್ನುತ್ತಿದ್ದಳು. ಒಂದು ಸಲ ಶಾಲೆಯ ಹುಡುಗಿಯರು ಗೋಲಿ ಸೋಡ ಒಡೆದು ಕುಡಿಯುವ ದೃಶ್ಯವನ್ನು ಮೂರು ಬಾರಿ ಹಾಕಿಸಿದಳು. ಕಬ್ಬಿಣದ ದೈತ್ಯರು ಹೊಡೆದಾಡುವ ಒಂದು ದೊಡ್ಡ ಸರಣಿಯನ್ನು ಎಲ್ಲರೂ ಹೊಗಳುತ್ತಾರೆಂದು ಶುರು ಮಾಡಿದೆವು. ಎರಡನೇ ಕಂತಿಗೇ ಅವಳು ನಿದ್ದೆ ಹೋದಳು. ಅವಳಿಗೆ ಬೇಕಾಗಿದ್ದದ್ದು ಮಳೆ, ಅಡುಗೆ, ಬಸ್ಸು.

ಟೋಕಿಯೊ

ಟೋಕಿಯೊದಲ್ಲಿ ಒಂದು ದಿನ ಇದ್ದೆವು. ದೊಡ್ಡ ಕಟ್ಟಡಗಳು ನೆನಪಿನಲ್ಲಿ ಉಳಿಯಲಿಲ್ಲ. ನಾವಿದ್ದ ಬೀದಿಯ ಕೊನೆಯಲ್ಲಿ ರೈಲ್ವೆ ಗೇಟೊಂದಿತ್ತು. ಕಣ್ ಕಣ್ ಕಣ್ ಎಂದು ಗಂಟೆ, ಒಂದರ ನಂತರ ಒಂದು ಹತ್ತಿ ಆರುವ ಎರಡು ಕೆಂಪು ದೀಪ. ಕೇಳಿದ ತಕ್ಷಣ ಗುರುತು ಸಿಕ್ಕಿತು. ಅನಿಮೆಯಲ್ಲಿ ಯಾರಿಗಾದರೂ ಬಹಳ ಮುಖ್ಯವಾದ ಮಾತು ಹೇಳುವುದಿದ್ದರೆ ಸರಿಯಾಗಿ ಇಂಥ ಗೇಟಿನ ಹತ್ತಿರವೇ ಹೇಳುತ್ತಾರೆ, ಆಗಲೇ ರೈಲು ಬಂದು ಮಾತು ಮುಳುಗಿ ಹೋಗುತ್ತದೆ. ಇವರಿಗೆ ಮಾತಾಡಲು ಬೇರೆ ಜಾಗ ಇಲ್ಲವೇ ಎಂದು ಮಂಜುಳ ರೇಗುತ್ತಿದ್ದಳು. ಇಲ್ಲಿ ಒಬ್ಬನೂ ಕೋಲಿನ ಕೆಳಗೆ ನುಸುಳಲಿಲ್ಲ. ಸೈಕಲ್ಲಿನವರೂ ಕೂಸು ಎತ್ತಿಕೊಂಡವರೂ ಸುಮ್ಮನೆ ನಿಂತಿದ್ದರು. ನಮ್ಮೂರಿನ ಗೇಟಿನಲ್ಲಾಗಿದ್ದರೆ ನಾನೇ ಸೆರಗು ಸಿಕ್ಕಿಸಿಕೊಂಡು ಬಗ್ಗಿ ದಾಟಿರುತ್ತಿದ್ದೆ. ರೈಲು ಹೋದ ಮೇಲೂ ನಾನು ಅಲ್ಲೇ ನಿಂತೆ. ಇನ್ನೆರಡು ರೈಲು ನೋಡಿದೆ. ಜತೆಯವರು ಹುಡುಕಿಕೊಂಡು ಬಂದು, ದಾರಿ ತಪ್ಪಿತೇನಕ್ಕ ಎಂದು ಕೇಳಿದರು. ಹೌದೆಂದೆ.

ಅಂಗಡಿಯಲ್ಲಿ ಮುಕ್ಕೋನದ ಅನ್ನದ ಉಂಡೆ ಕೊಂಡೆ. ಬಿಳಿ ಅನ್ನ, ಒಂದು ಕಡೆ ಕರೀ ಪಟ್ಟಿ. ಅದು ಕರಿದ ಹಪ್ಪಳವೋ ಬಟ್ಟೆಯೋ ಎಂದು ನಾವಿಬ್ಬರೂ ಎಷ್ಟೋ ದಿನ ವಾದ ಮಾಡಿದ್ದೆವು. ಸಮುದ್ರದ ಪಾಚಿಯಂತೆ. ಬಿಚ್ಚುವ ಕ್ರಮ ಗೊತ್ತಿಲ್ಲದೆ ಪ್ಲಾಸ್ಟಿಕ್ ಹರಿದಾಗ ಉಂಡೆ ಎರಡು ಹೋಳಾಗಿ ಒಂದು ಹೋಳು ಕಾಲುದಾರಿಗೆ ಬಿತ್ತು. ಉಳಿದದ್ದು ತಿಂದೆ. ತಣ್ಣಗೆ, ಸಪ್ಪೆ. ಅನಿಮೆಯಲ್ಲಿ ಇದನ್ನು ತಿಂದವರ ಕಣ್ಣಲ್ಲಿ ನೀರು ಬರುತ್ತದೆ. ನನಗೂ ಬಂತು. ಅದು ರುಚಿಗಲ್ಲ.

ಸೆಂದೈ

ಉತ್ತರಕ್ಕೆ ಹೋಗುವ ವೇಗದ ರೈಲು ಇಳಿದು, ಸಣ್ಣ ರೈಲು ಹಿಡಿಯಲು ಸೆಂದೈಯಲ್ಲಿ ಒಂದು ಗಂಟೆ ಕಾಯಬೇಕಿತ್ತು. ನಿಲ್ದಾಣದ ಅಂಗಡಿಯಲ್ಲಿ ಗೋಲಿ ಸೋಡ ಕಂಡಿತು. ತೆಳು ನೀಲಿ ಬಾಟಲಿ, ಕತ್ತಿನಲ್ಲಿ ಗಾಜಿನ ಗೋಲಿ. ಗೋಲಿಯನ್ನು ಒಳಗೆ ತಳ್ಳಲು ಪ್ಲಾಸ್ಟಿಕ್ಕಿನ ಸಣ್ಣ ಬಿರಡೆ ಕೊಡುತ್ತಾರೆ. ಹೆಬ್ಬೆರಳಿನಲ್ಲಿ ಗುದ್ದಿ ಅಭ್ಯಾಸವಿದ್ದ ನಾನು ಅದನ್ನೂ ಹಾಗೇ ಗುದ್ದಿದೆ. ಸೋಡ ಉಕ್ಕಿ ಸೀರೆಯ ನೆರಿಗೆಯೆಲ್ಲ ತೊಯ್ದುಹೋಯಿತು. ಪಕ್ಕದ ಬೆಂಚಿನಲ್ಲಿದ್ದ ಹೆಂಗಸು ತನ್ನ ಕೈಚೀಲದಿಂದ ಪುಟ್ಟ ಟವೆಲ್ ತೆಗೆದು ಕೊಟ್ಟಳು. ಇಲ್ಲಿ ಪ್ರತಿಯೊಬ್ಬರ ಚೀಲದಲ್ಲೂ ಅಂಥದೊಂದು ಇರುತ್ತದೆ. ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಬಾಟಲಿಯಲ್ಲಿ ಅರ್ಧ ಉಳಿದಿತ್ತು. ನಾನು ಕುಡಿಯಲಿಲ್ಲ. ಕೊನೆಯ ವಾರ ಜ್ವರ ಬಂದು ರಕ್ತಕ್ಕೆ ನಂಜು ಏರಿದಾಗ ಮಂಜುಳ ಕೇಳಿದ್ದು ಒಂದು ಲೋಟ ನೀರು. ನರ್ಸ್ ಹತ್ತಿ ಅದ್ದಿ ತುಟಿಗೆ ಒರೆಸುವಂತೆ ಹೇಳಿದ್ದರು. ಒರೆಸಿದೆ. ಅವಳು ಹತ್ತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಚೀಪಿದಳು.

ಬಿಸಿನೀರಿನ ಊರು

ಊರಿನ ಹೆಸರು ಬರೆದರೆ ಸಾತೊ ಅವರ ಮನೆ ಹುಡುಕುವುದು ಸುಲಭ. ಅವರನ್ನು ಕೇಳದೆ ಬರೆಯುತ್ತಿರುವುದರಿಂದ ಹೆಸರು ಬೇಡ. ಗುಡ್ಡಗಳ ನಡುವೆ ಬೀದಿಯ ಚರಂಡಿಯಿಂದಲೂ ಬಿಸಿ ಹಬೆ ಏಳುವ ಊರು ಎಂದರೆ ಸಾಕು. ಮೊಟ್ಟೆ ಕೊಳೆತಂಥ ವಾಸನೆ. ಎರಡು ದಿನದಲ್ಲಿ ಮೂಗಿಗೆ ಒಗ್ಗಿಹೋಗುತ್ತದೆ.

ಸಾತೊ ಎಪ್ಪತ್ತು ದಾಟಿದ ಹೆಂಗಸು. ಕೈಕಾಲಿಲ್ಲದ, ದುಂಡು ತಲೆಯ ಮರದ ಗೊಂಬೆ ಮಾಡುತ್ತಾರೆ. ತಲೆ ತಿರುಗಿಸಿದರೆ ಕೀ ಎಂದು ಸದ್ದು ಬರುತ್ತದೆ. ನಮ್ಮಿಬ್ಬರ ನಡುವೆ ಮಾತಿಗಾಗಿ ಮಿಹೊ ಎಂಬ ಹುಡುಗಿ ಇದ್ದಳು, ಇಂಗ್ಲಿಷ್ ಬಲ್ಲವಳು. ಮೊದಲ ದಿನ ಹೆಚ್ಚು ಮಾತೇ ಬೇಕಾಗಲಿಲ್ಲ. ನಾನು ಲೇತಿಗೆ ಮರ ಸಿಕ್ಕಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದೆ. ಬಿಸಿಗೆ ಕರಗಿ ಬಣ್ಣ ಹತ್ತಿಕೊಂಡಾಗ ಸಾತೊ ಸಣ್ಣಗೆ "ಓ" ಎಂದು ನನ್ನ ಮಣಿಕಟ್ಟನ್ನೇ ಬಗ್ಗಿ ನೋಡಿದರು. ಅವರು ಮರ ತಿರುಗುತ್ತಿರುವಾಗಲೇ ಕುಂಚ ಮುಟ್ಟಿಸಿ ಕೂದಲೆಳೆಯಂಥ ಕೆಂಪು ಗೆರೆ ಎಳೆದರು. ನಾನು ಪ್ರಯತ್ನಿಸಿದಾಗ ಗೆರೆ ಸೊಟ್ಟಗಾಗಿ, ಕುಂಚ ಹಾರಿ, ಅವರ ಗೋಡೆಯ ಮೇಲೆ ಕೆಂಪು ಚುಕ್ಕೆಗಳಾದವು. ನಾನು ಒರೆಸಲು ಎದ್ದರೆ ಬೇಡವೆಂದು ಕೈಹಿಡಿದು ಕೂರಿಸಿದರು.

ಅದೇ ಊರು, ನಾಲ್ಕನೇ ದಿನ

ಬಿಡುವಿನಲ್ಲಿ ಚಹಾ ಕುಡಿಯುವಾಗ ಮಿಹೊ ಜಪಾನಿನ ಬಗ್ಗೆ ನನಗೆ ಮೊದಲೇ ಏನು ಗೊತ್ತಿತ್ತು ಎಂದು ಕೇಳಿದಳು. ಅನಿಮೆ ನೋಡಿದ್ದೇನೆ ಎಂದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಯಾವುದು ಎಂದು ಕೇಳಿದಳು. ನನಗೆ ಶೀರ್ಷಿಕೆಗಳು ನೆನಪಿರಲಿಲ್ಲ. ನಾನು ಮತ್ತು ಮಂಜುಳ ಕೊನೆಯದಾಗಿ ನೋಡಿದ ಸಿನಿಮಾದ ಕತೆ ಹೇಳಿದೆ.

ಕೆರೆಯಂಥ ದೊಡ್ಡ ಸರೋವರ. ನಡುವೆ ನಡುಗಡ್ಡೆ. ಅಲ್ಲಿಯ ದೀಪ ಆರದಂತೆ ನೋಡಿಕೊಳ್ಳಲು ಒಂದು ಮನೆತನದ ಹೆಣ್ಣುಮಗಳು ಹೋಗಿ ಬದುಕಿಡೀ ಅಲ್ಲೇ ಇರಬೇಕು. ಸರದಿ ಅಕ್ಕನದು. ಹೊರಡುವ ದಿನ ಬೆಳಿಗ್ಗೆ ಅಕ್ಕ ಹೆದರಿ ರೇಷ್ಮೆ ಹುಳುವಿನ ಅಟ್ಟದಲ್ಲಿ ಅಡಗಿಕೊಳ್ಳುತ್ತಾಳೆ. ದೋಣಿಗೆ ತಂಗಿ ಹತ್ತುತ್ತಾಳೆ. ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ಮಳೆಯ ಹಾಗೆ ಕೇಳಿಸಿದ್ದರು. ಅದು ಬಂದಾಗ ಮಂಜುಳ ಎದ್ದು ಕೂತಿದ್ದಳು. ಥೇಟ್ ನಮ್ಮನೆ ಹುಳು ಮನೆಯ ಸದ್ದು ಎಂದಿದ್ದಳು. ವರ್ಷಗಳಾದ ಮೇಲೆ ಅಕ್ಕ ದೋಣಿ ಹುಟ್ಟು ಹಾಕಿಕೊಂಡು ನಡುಗಡ್ಡೆಗೆ ಹೋಗಿ ಕಿಟಕಿಯ ಕೆಳಗೆ ನಿಲ್ಲುತ್ತಾಳೆ. ತಂಗಿ ಒಂದೇ ಒಂದು ಮಾತು ಹೇಳಿ ಕಿಟಕಿ ಮುಚ್ಚುತ್ತಾಳೆ. ಸಿನಿಮಾ ಮುಗಿಯುತ್ತದೆ.

ಕೆಳಗೆ ಇಂಗ್ಲಿಷಿನಲ್ಲಿ ಬಂದದ್ದು, ನಿನ್ನ ಸಹವಾಸ ನನಗೆ ಮುಗಿಯಿತು ಎನ್ನುವ ಅರ್ಥದ ಮಾತು. ಅದನ್ನು ನಾನು ಓದಲಿಲ್ಲ. "ಹುಷಾರಾಗಿ ಹೋಗಕ್ಕ ಅಂತವ್ಳೆ" ಎಂದು ಮಂಜುಳಳಿಗೆ ಹೇಳಿದೆ. ಅವಳು ಪರದೆಯನ್ನೇ ನೋಡುತ್ತ, "ಅವ್ಳ ಮಕ ನೋಡುದ್ರೆ ಹಂಗನ್ನಂಗಿಲ್ಲ" ಎಂದಳು. ಮತ್ತೆ ಕೇಳಲಿಲ್ಲ.

ಯಾಕೆ ಓದಲಿಲ್ಲ ಎಂದು ಮಿಹೊ ಕೇಳಿದಳು. ಯಾರಿಗೂ ಹೇಳದ್ದನ್ನು ಆ ಪರದೇಶದ ಹುಡುಗಿಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಮಂಜುಳಳಿಗೆ ಕಿಡ್ನಿ ಕೊಡಬಹುದೇ ಎಂದು ಬೆಂಗಳೂರಿನಲ್ಲಿ ನನ್ನನ್ನು ಪರೀಕ್ಷೆ ಮಾಡಿದ್ದರು. ಅವ್ವನಿಗೆ ಸಕ್ಕರೆ ಕಾಯಿಲೆ, ತಮ್ಮನದೂ ಪುಟ್ಟಸ್ವಾಮಿಯದೂ ಹೊಂದಲಿಲ್ಲ, ನನ್ನದು ಹೊಂದಿತು. ಕೊಡುತ್ತೇನೆ ಎಂದಿದ್ದೆ. ಆಮೇಲೆ ಕತ್ತರಿಯ ಭಯ ಹತ್ತಿತು. ನನ್ನ ಗಂಡನನ್ನು ದೂರುವಂತಿಲ್ಲ, ನಿನ್ನಿಷ್ಟ ಎಂದಿದ್ದರು. ಒಸಿ ದಿನ ತಡಿ, ದೊಡ್ಡ ಆರ್ಡರ್ ಮುಗಿಯಲಿ ಎಂದೆ. ಯುಗಾದಿ ಕಳೆಯಲಿ ಎಂದೆ. ಮೂರನೇ ಸಲ ನಾನು ಏನೋ ನೆಪ ತೆಗೆಯುವಷ್ಟರಲ್ಲಿ, ರಾಮನಗರದ ಬಸ್ ನಿಲ್ದಾಣದಲ್ಲಿ ನಿಂತು ಮಂಜುಳ, "ಸಾಕು ಬುಡಕ್ಕ" ಎಂದಳು. ಅಲ್ಲೇ ನನ್ನೆದುರೇ ಅವ್ವನಿಗೆ ಫೋನ್ ಮಾಡಿದಳು.

"ಅಕ್ಕುಂದೂ ಮ್ಯಾಚ್ ಆಗ್ನಿಲ್ಲ ಕಣವ್ವ. ಡಾಕ್ಟ್ರು ಹೇಳುದ್ರು."

ಫೋನು ನನ್ನ ಕೈಗೆ ಬಂತು. ಅವ್ವ ಅಳುತ್ತ, ನಿನ್ನ ತಪ್ಪೇನಿದೆ, ನೊಂದುಕೊಳ್ಳಬೇಡ ಎಂದು ನನಗೆ ಸಮಾಧಾನ ಹೇಳಿದಳು. ನಾನು ಹೂಂ ಎಂದೆ. ಬಸ್ಸಿನಲ್ಲಿ ಕೂತಾಗ ನನ್ನ ಮೈ ಹಗುರಾಗಿತ್ತು. ಅದಾಗಿ ಹತ್ತು ತಿಂಗಳಿಗೆ ಅವಳು ಹೋದಳು.

ಆ ಸಿನಿಮಾ ಮಿಹೊ ಕೂಡ ನೋಡಿದ್ದಳು. ಕೊನೆಯ ಮಾತು ಜಪಾನಿಯಲ್ಲಿ "ಮೋ ಈ" ಎಂದಳು. ಇಂಗ್ಲಿಷಿನವರು ಒಂದು ಅರ್ಥ ಆರಿಸಿಕೊಂಡಿದ್ದಾರೆ, ಅಲ್ಲಿ ಎರಡು ಇವೆ ಎಂದಳು. ನನಗೆ ತಿಳಿಯಲಿಲ್ಲ. ಅವಳು ಸಾತೊ ಅವರ ಕಡೆ ತಿರುಗಿ ಏನೋ ಕೇಳಿಕೊಂಡಳು. ನಮ್ಮ ಮಾತು ಏನೆಂದು ಗೊತ್ತಿಲ್ಲದ ಸಾತೊ, ಮೊಮ್ಮಗಳು ಇನ್ನಷ್ಟು ಬಡಿಸಲು ಬಂದಾಗ ಹೇಳುವ ಹಾಗೆ ಮೆತ್ತಗೆ "ಮೋ ಈ" ಎಂದರು. ಆಮೇಲೆ ಮುಖ ತಿರುಗಿಸಿ, ಗಂಡನ ಮೇಲೆ ಸಿಟ್ಟಾದ ಹೆಂಗಸಿನ ಹಾಗೆ ಅದನ್ನೇ ಹೇಳಿ ನಕ್ಕರು. ಒಂದೇ ಮಾತು. ದನಿ ಬೇರೆ.

ಸಾಕು ಬಿಡು. ನಮ್ಮಲ್ಲೂ ಅಷ್ಟೇ. ಆಯಿತು, ನೀನು ನೋಯಬೇಡ ಎಂದರೂ ಅದೇ. ನಿನ್ನ ಯೋಗ್ಯತೆ ನೋಡಿದ್ದಾಯಿತು ಎಂದರೂ ಅದೇ. ಬಸ್ ನಿಲ್ದಾಣದಲ್ಲಿ ಮಂಜುಳಳ ದನಿ ಯಾವುದಾಗಿತ್ತು? ಅಲ್ಲಿಯೇ ಕೂತು ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಸಿಕೊಂಡೆ. ಮೆತ್ತಗಿನದೇ ಎನ್ನಿಸುವಷ್ಟರಲ್ಲಿ ಇನ್ನೊಂದು ಕೇಳಿಸುತ್ತಿತ್ತು. ಕಂಡಕ್ಟರ್ ಕೂಗು, ಹಾರ್ನು ಎಲ್ಲ ನೆನಪಿದೆ. ಅವಳ ಮುಖ ನೆನಪಿಲ್ಲ, ಯಾಕೆಂದರೆ ನಾನು ಅವಳ ಮುಖ ನೋಡುತ್ತಿರಲಿಲ್ಲ.

ನಾನು ಅಳುವುದನ್ನು ಕಂಡು ಸಾತೊ ಏನೆಂದು ಕೇಳಿದರು. ನನ್ನ ಒಪ್ಪಿಗೆ ಪಡೆದು ಮಿಹೊ ಎಲ್ಲ ಹೇಳಿದಳು. ಸಾತೊ ಸಮಾಧಾನದ ಮಾತು ಆಡಲಿಲ್ಲ. ತಾಯಿ ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ ಎಂದೆ. ಅವರಿಗೆ ಗೊತ್ತೇ ಎಂದರು. ಇಲ್ಲ ಎಂದೆ. ಅವರು ತಲೆದೂಗಿ, ನನ್ನ ಬಟ್ಟಲಿನಲ್ಲಿ ಆರಿದ್ದ ಚಹಾ ಚೆಲ್ಲಿ ಬಿಸಿಯದು ಹಾಕಿದರು.

ಕೂಟಗಲ್

ಬಂದ ವಾರಕ್ಕೆ ತವರಿಗೆ ಹೋದೆ. ತಮ್ಮ ಹೊಲಕ್ಕೆ ಹೋಗಿದ್ದ, ಅವನ ಹೆಂಡತಿ ಒಳಗೆ ಅಡುಗೆಯಲ್ಲಿದ್ದಳು. ಅವ್ವ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಹುರುಳಿಕಾಳು ಆರಿಸುತ್ತಿದ್ದಳು. ಜಪಾನಿನಲ್ಲಿ ಏನು ಊಟ, ಚಳಿ ಎಷ್ಟು ಎಂದೆಲ್ಲ ಕೇಳಿದಳು. ಮಂಜಿ ಇದ್ದಿದ್ದರೆ ಎಷ್ಟು ಕೇಳುತ್ತಿದ್ದಳೋ ಎಂದಳು. ಇನ್ನು ತಡೆದರೆ ಹೇಳಲಾರೆ ಎನ್ನಿಸಿ ಹೇಳಿಬಿಟ್ಟೆ. ನನ್ನದು ಹೊಂದಿತ್ತು, ನಾನು ಕೊಡಲಿಲ್ಲ ಎಂದೆ.

ಅವ್ವನ ಕೈ ಮೊರದಲ್ಲಿ ನಿಂತಿತು.

"ಅವ್ಳಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಮ್ಯಾಚ್ ಆಗ್ನಿಲ್ಲ ಅಂತ ನಿಂಗೆ ಹೇಳಿದ್ದು ನನ್ನ ಮಾನ ಉಳ್ಸಕ್ಕೆ."

ಅವ್ವ ಕಾಳನ್ನೇ ನೋಡುತ್ತ ಕೂತಳು. ಬೈಯುತ್ತಾಳೆ, ಇಲ್ಲ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ಸಿದ್ಧವಾಗಿಯೇ ಬಂದಿದ್ದೆ.

"ಅವತ್ತು ನಾನು ನಿಂಗೆ ಸಮಾಧಾನ ಹೇಳುದ್ನಲ್ಲ ಮಗ" ಎಂದಳು. "ಬಾಯಿ ಮುಚ್ಕಂಡು ಹೇಳುಸ್ಕಂಡ್ಯಲ್ಲ."

ತಮ್ಮನ ಹೆಂಡತಿ ಕಾಫಿ ತಂದಿಟ್ಟಳು. ಅವ್ವ ನನ್ನ ಲೋಟವನ್ನು ನನ್ನ ಕಡೆ ಸರಿಸಿ, "ಕುಡ್ಕಂಡು ಹೋಗು. ಸದ್ಯಕ್ಕೆ ಬರಬ್ಯಾಡ. ನಾನೇ ಕರೀತೀನಿ" ಎಂದಳು. ಕುಡಿದು ಬಂದೆ.

ಇದಾಗಿ ಒಂದೂವರೆ ತಿಂಗಳಾಯಿತು. ಅವ್ವ ಕರೆದಿಲ್ಲ. ಮೊನ್ನೆ ತಮ್ಮ ಫೋನ್ ಮಾಡಿದ್ದ. ಅವ್ವ ಒಬ್ಬಳೇ ಬಸ್ಸು ಹತ್ತಿ ಕೈಲಾಂಚಕ್ಕೆ ಹೋಗಿ ಪುಟ್ಟಸ್ವಾಮಿಗೆ ಎಲ್ಲ ಹೇಳಿ ಬಂದಳಂತೆ. ಅವನು ಏನಂದ ಎಂದು ಕೇಳಿದೆ. ಅವ್ವನಿಗೆ ಕೈಗೆ ನೀರು ಕೊಟ್ಟು, ತಾನೇ ಮುದ್ದೆ ತೊಳಸಿ ಬಡಿಸಿ, ನಿಲ್ದಾಣದವರೆಗೆ ಬಂದು ಬಸ್ಸಿಗೆ ಹತ್ತಿಸಿದನಂತೆ. ಬಸ್ಸು ಹೊರಟ ಮೇಲೆ ಅವ್ವ ತಿರುಗಿ ನೋಡಿದಾಗ ಅವನು ಅಲ್ಲೇ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದನಂತೆ, ಬಸ್ಸು ತಿರುವು ದಾಟುವವರೆಗೂ ಎದ್ದಿರಲಿಲ್ಲವಂತೆ.